ನೋಡಿದ ಕಣ್ಣು, ಮಾಡಿದ ಕೈ

2018ರ ಬೇಸಿಗೆಯಲ್ಲಿ ನಮ್ಮ ಅಮ್ಮಿಗೆ ವಾಂತಿಭೇದಿ ಶುರುವಾಗಿ ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅದು ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ. ಮೈಯಲ್ಲಿ ನೀರಿನಂಶ ಬತ್ತಿಹೋಗಿದ್ದ ಎಪ್ಪತ್ತರ ಹೆಂಗಸಿಗೆ ಡ್ರಿಪ್ ಹಾಕಲು ಬಂದವನು ಮೀಸೆ ಸರಿಯಾಗಿ ಮೂಡದ ಒಬ್ಬ ಹೌಸ್ ಸರ್ಜನ್ ಹುಡುಗ. ಮೊದಲ ಸಲ ಚುಚ್ಚಿದ, ರಕ್ತ ಕಾಣಿಸಲಿಲ್ಲ. ಎರಡನೇ ಸಲ ನರ ಜಾರಿತು. ಮೂರನೇ ಸಲ ಒಳಗೇ ಒಡೆದು ಮುಂಗೈ ನೀಲಿಗಟ್ಟಿತು. ನಾಲ್ಕನೇ ಸಲಕ್ಕೆ ಅವನ ಹಣೆಯ ಬೆವರು ಅಮ್ಮಿಯ ಕೈ ಮೇಲೆ ಬಿತ್ತು. ನಾನು ಜಗಳಕ್ಕೆ ನಿಂತೆ. ಅಮ್ಮಿ ಕಣ್ಣು ಮುಚ್ಚಿಕೊಂಡೇ, "ಬಿಡು, ಅವನೂ ಯಾರೋ ತಾಯಿಯ ಮಗ. ಕಲೀತಾ ಇದ್ದಾನೆ" ಎಂದರು. ಕೊನೆಗೆ ಹಿರಿಯ ನರ್ಸೊಬ್ಬರು ಬಂದು ಒಂದೇ ಸಲಕ್ಕೆ ಹಾಕಿ ಹೋದರು.

ಅಮ್ಮಿ ಮೂರು ದಿನದಲ್ಲಿ ಗುಣವಾಗಿ ಮನೆಗೆ ಬಂದರು. ಕೈಯ ನೀಲಿ ಮಾತ್ರ ಎರಡು ವಾರ ಹೋಗಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಕಲಿಯುವುದೇನೋ ಸರಿ, ಆದರೆ ನಮ್ಮ ಅಮ್ಮಿಯ ಕೈಯ ಮೇಲೆಯೇ ಕಲಿಯಬೇಕೇ? ಅದಕ್ಕೂ ಮುಂಚೆ ಕಲಿಯಲು ಬೇರೆ ಜಾಗವೇ ಇಲ್ಲವೇ?

ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯೊಳಗೇ ಸಿಗುತ್ತದೆಂದು ಆಗ ಗೊತ್ತಿರಲಿಲ್ಲ. ಮರುವರ್ಷ, ಅಂದರೆ 2019ರಲ್ಲಿ, ನನ್ನ ಅಕ್ಕನ ಮಗಳಿಗೆ ಎಂ.ಬಿ.ಬಿ.ಎಸ್. ಸೀಟು ಸಿಕ್ಕಿತು. ಕಾಲೇಜು ನಮ್ಮ ಊರಿನಲ್ಲೇ ಇದ್ದುದರಿಂದ ಅವಳು ನಮ್ಮ ಮನೆಯಲ್ಲೇ ಇದ್ದು ಓದಿದಳು. ಅವಳ ಜೊತೆ ನಾನೂ ಅರ್ಧ ಓದಿದೆ ಅನ್ನಿ. ಬಿ.ಎ. ಮಾಡಿ ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವವಳಿಗೆ ವೈದ್ಯಕೀಯ ಎಲ್ಲಿಂದ ಅರ್ಥವಾಗಬೇಕು? ಆದರೆ ಕಲಿಸುವ ವಿಧಾನ ಅರ್ಥವಾಗುತ್ತದೆ. ಅದು ನನ್ನ ದಿನನಿತ್ಯದ ಕೆಲಸ.

ಅವಳು ಸೇರಿ ಏಳೆಂಟು ತಿಂಗಳಾಗುವಷ್ಟರಲ್ಲಿ, 2020ರ ಮಾರ್ಚ್‌ನಲ್ಲಿ ಕೊರೋನ ಬಂದು ಕಾಲೇಜು ಮುಚ್ಚಿತು. ಶವವನ್ನು ಮುಟ್ಟಿ, ಬಿಡಿಸಿ ನೋಡಿ ಕಲಿಯಬೇಕಾದ ಅನಾಟಮಿ ಮೊಬೈಲ್ ಪರದೆಗೆ ಇಳಿಯಿತು. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರೆ ಅವಳು ಊಟದ ಮೇಜಿನ ಮೇಲೆ ಫೋನನ್ನು ಲೋಟಕ್ಕೆ ಒರಗಿಸಿಟ್ಟು ತೋಳಿನ ಸ್ನಾಯುಗಳನ್ನು ನೋಡುತ್ತಿದ್ದಳು. "ನೋಡಿದರೆ ಎಲ್ಲ ಗೊತ್ತಾಗುತ್ತೆ ಖಾಲಾ, ಆದರೆ ಏನೂ ಬರಲ್ಲ" ಎಂದು ಒಂದು ದಿನ ಹೇಳಿದಳು. ಆ ಮಾತು ನನಗೆ ಈಗಲೂ ನೆನಪಿದೆ.

ಹತ್ತು ನಿಮಿಷದ ಗುರು

ಹಿಂದೆ ವೈದ್ಯರನ್ನು ತಯಾರು ಮಾಡುತ್ತಿದ್ದ ರೀತಿಯನ್ನು 'ಒಂದು ನೋಡು, ಒಂದು ಮಾಡು, ಒಂದು ಕಲಿಸು' ಎನ್ನುತ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ನೂರಮೂವತ್ತು ವರ್ಷಗಳ ಹಿಂದೆ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ರೂಪಿಸಿದ ತರಬೇತಿಯ ಜೊತೆ ಈ ಮಾತನ್ನು ಸೇರಿಸಿ ಹೇಳುವುದು ರೂಢಿ. ಗುರು ಮಾಡುವುದನ್ನು ಒಮ್ಮೆ ನೋಡು, ಮುಂದಿನ ರೋಗಿಗೆ ನೀನೇ ಮಾಡು. ಗುರುವಿನ ಹಿಂದೆ ನಾಲ್ಕೈದು ಶಿಷ್ಯರಿದ್ದ ಕಾಲಕ್ಕೆ ಅದು ಹೇಗೋ ನಡೆಯಿತು. ಈಗ ನಮ್ಮ ದೇಶದ ಕಾಲೇಜುಗಳಲ್ಲಿ ಒಂದು ವರ್ಷಕ್ಕೆ 150, ಕೆಲವೆಡೆ 250 ಮಂದಿ ಸೇರುತ್ತಾರೆ. ಒಂದು ಹಾಸಿಗೆಯ ಸುತ್ತ ಹದಿನೈದು ಇಪ್ಪತ್ತು ಬಿಳಿ ಕೋಟುಗಳು. ಹಿಂದೆ ನಿಂತವರಿಗೆ ಕಾಣುವುದು ಮುಂದಿನವರ ಭುಜ ಮಾತ್ರ. ನಮ್ಮ ಹುಡುಗಿ ಕುಳ್ಳಿ. ಎಷ್ಟೋ ಸಲ ಅವಳು 'ನೋಡಿದ್ದೇನೆ' ಎಂದು ಬರೆದುಕೊಂಡದ್ದು ಅಷ್ಟನ್ನೇ.

ವೀಡಿಯೊ ಈ ತೊಂದರೆಯನ್ನು ನೀಗಿಸುತ್ತದೆ. ಹಿಂದಿನ ಸಾಲಿನವರಿಗೂ ಗುರುವಿನ ಬೆರಳಿನ ತುದಿ ಕಾಣುತ್ತದೆ. ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' 2006ರಲ್ಲಿ ಇಂಥ ವೀಡಿಯೊಗಳ ಮಾಲಿಕೆಯನ್ನೇ ಶುರು ಮಾಡಿತು. ಬೆನ್ನುಹುರಿಯ ದ್ರವ ತೆಗೆಯುವುದು, ಎದೆಗೂಡಿಗೆ ನಳಿಗೆ ಇಳಿಸುವುದು ಹೀಗೆ ಒಂದೊಂದಕ್ಕೂ ಒಂದು. ನಮ್ಮ ಹುಡುಗಿ ನನಗೆ ಅಂಥ ಕೆಲವನ್ನು ತೋರಿಸಿದಳು. ಅವುಗಳ ಕ್ರಮ ಒಬ್ಬ ಶಿಕ್ಷಕಿಯಾಗಿ ನನಗೆ ಬಹಳ ಹಿಡಿಸಿತು. ಸೂಜಿ ಹಿಡಿಯುವುದಕ್ಕೂ ಮುಂಚೆ, ಇದನ್ನು ಯಾವಾಗ ಮಾಡಬೇಕು ಎಂದು ಹೇಳುತ್ತಾರೆ. ಆಮೇಲೆ, ಯಾರಿಗೆ ಮಾಡಬಾರದು. ಆಮೇಲೆ ಸಾಮಾನುಗಳು. ಆಮೇಲೆ ಕೆಲಸ. ಕೊನೆಗೆ, ಏನೇನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು. ಅವಸರದ ವಾರ್ಡಿನಲ್ಲಿ ಗುರುಗಳು ಇಷ್ಟನ್ನೂ ಪ್ರತಿಸಲ ಬಿಡಿಸಿ ಹೇಳುವುದು ಸಾಧ್ಯವಿಲ್ಲ.

ಅಮ್ಮಿಯ ಕೈಗೆ ನಾಲ್ಕು ಸಲ ತಪ್ಪಿದ ಆ ಡ್ರಿಪ್ ಸೂಜಿಯನ್ನೇ ತೆಗೆದುಕೊಳ್ಳಿ. ಅದರ ಹೆಸರು ಕ್ಯಾನುಲಾ. ಸೂಜಿಯ ಮೇಲೆ ಒಂದು ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ತೊಡಿಸಿರುತ್ತದೆ. ಹಸಿರು ದಪ್ಪ, ಗುಲಾಬಿ ಅದಕ್ಕಿಂತ ಸಣ್ಣದು, ನೀಲಿ ಇನ್ನೂ ಸಣ್ಣದು, ಹಳದಿ ಮಕ್ಕಳಿಗೆ. ತೋಳಿಗೆ ಪಟ್ಟಿ ಬಿಗಿದು, ರಕ್ತನಾಳವನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ಹುಡುಕಬೇಕು. ಸ್ಪಿರಿಟ್ ಒರೆಸಿದ ಮೇಲೆ ಅದು ಒಣಗುವ ತನಕ ಕಾಯಬೇಕು. ಸೂಜಿಯ ಓರೆ ಬಾಯಿ ಮೇಲ್ಮುಖವಾಗಿರಬೇಕು, ಸ್ವಲ್ಪವೇ ಓರೆಯಾಗಿ ಒಳಗೆ ಹೋಗಬೇಕು. ಹಿಂಬದಿಯ ಪುಟ್ಟ ಕೋಣೆಯಲ್ಲಿ ರಕ್ತ ಇಣುಕಿದ ಕೂಡಲೇ ಸೂಜಿಯನ್ನು ಇನ್ನೂ ತಗ್ಗಿಸಿ, ಕೂದಲೆಳೆಯಷ್ಟು ಮುಂದೆ ಸರಿಸಿ, ಅಲ್ಲಿಂದ ಮುಂದೆ ಪ್ಲಾಸ್ಟಿಕ್ ನಳಿಕೆಯನ್ನು ಮಾತ್ರ ಜಾರಿಸಬೇಕು. ರಕ್ತ ಕಂಡ ಖುಷಿಯಲ್ಲಿ ಸೂಜಿಯನ್ನೇ ನೂಕಿದರೆ ನಾಳದ ಆಚೆ ಗೋಡೆ ತೂತಾಗುತ್ತದೆ. ಅಮ್ಮಿಗೆ ಮೂರನೇ ಸಲ ಆದದ್ದು ಇದೇ ಇರಬೇಕು.

ವೀಡಿಯೊದಲ್ಲಿ ಆ ಒಂದು ಕ್ಷಣವನ್ನು ನಿಧಾನ ಮಾಡಿ ತೋರಿಸುತ್ತಾರೆ. ನಮ್ಮ ಹುಡುಗಿ ಅಲ್ಲಿಗೆ ಬಂದಾಗ ನಿಲ್ಲಿಸುತ್ತಿದ್ದಳು, ಹಿಂದೆ ಓಡಿಸುತ್ತಿದ್ದಳು, ಮತ್ತೆ ನೋಡುತ್ತಿದ್ದಳು. ಆಮೇಲೆ "ಖಾಲಾ, ಕೈ ಕೊಡಿ" ಎಂದು ಪಟ್ಟಿ ಬಿಗಿದು ನನ್ನ ಮೊಣಕೈಯ ಸಂದಿಯಲ್ಲಿ ಬೆರಳಾಡಿಸುತ್ತಿದ್ದಳು. ಸೂಜಿಯನ್ನು ಮನೆಯಲ್ಲಿ ಮುಟ್ಟುವಂತಿಲ್ಲ ಎಂದು ಮೊದಲೇ ಕಟ್ಟುನಿಟ್ಟು ಮಾಡಿದ್ದೆ. ಅವಳ ಮೇಷ್ಟ್ರುಗಳದೂ ಅದೇ ಕಟ್ಟಪ್ಪಣೆ.

ಕ್ಯಾಸೆಟ್ ಕಲಿಸದ ಅಕ್ಷರ

ಹಾಗಾದರೆ ವೀಡಿಯೊ ಇದ್ದರೆ ಸಾಕೇ? ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ನಾನು ಕಲಿಸಲು ಶುರು ಮಾಡಿದ ಹೊಸತರಲ್ಲಿ ಖಾರಿಗಳ ಕ್ಯಾಸೆಟ್‌ಗಳು ಮನೆಮನೆಯಲ್ಲಿದ್ದವು. ಒಬ್ಬ ತಾಯಿ ಬಂದು, "ನನ್ನ ಮಗಳು ಕ್ಯಾಸೆಟ್ ಕೇಳಿಯೇ ಇಡೀ ಸೂರಾ ಕಲಿತಿದ್ದಾಳೆ, ಇನ್ನು ನಿಮ್ಮ ಪಾಠ ಯಾಕೆ?" ಎಂದರು. ಮಗುವಿನ ರಾಗ ನಿಜಕ್ಕೂ ಖಾರಿಯವರದೇ. ಆದರೆ ಗಂಟಲಿನ ನಡುವಿನಿಂದ ಹೊರಡಬೇಕಾದ 'ಐನ್' ಬಾಯಿಯಿಂದ ಬರುತ್ತಿತ್ತು. ಮಗುವಿಗೆ ತಾನು ತಪ್ಪುತ್ತಿರುವುದೇ ಗೊತ್ತಿಲ್ಲ. ಕ್ಯಾಸೆಟ್ ಅದಕ್ಕೆ ಓದಿ ಹೇಳಿತ್ತು, ಅದರ ಓದನ್ನು ಕೇಳಿಸಿಕೊಂಡಿರಲಿಲ್ಲ. ಆ ಒಂದು ಅಕ್ಷರ ಸರಿಹೋಗಲು ಮೂರು ವಾರ ಹಿಡಿಯಿತು.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಮೈಕಲ್ ಕಾರ್ಡಾಸ್ ಮತ್ತು ಎಡ್ ಓಬ್ರಿಯನ್ ಎಂಬ ಸಂಶೋಧಕರು 2018ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಗುರಿಹಲಗೆಯ ನಟ್ಟನಡುವಿಗೆ ಡಾರ್ಟ್ ಎಸೆಯುವ ವೀಡಿಯೊವನ್ನು ಕೆಲವರಿಗೆ ಒಂದೇ ಸಲ, ಕೆಲವರಿಗೆ ಇಪ್ಪತ್ತು ಸಲ ತೋರಿಸಿದರು. ಇಪ್ಪತ್ತು ಸಲ ನೋಡಿದವರಿಗೆ ತಮ್ಮ ಮೇಲೆ ಭರವಸೆ ಹೆಚ್ಚಾಯಿತು. ಎಸೆಯಲು ಹೇಳಿದಾಗ ಅವರ ಗುರಿ ಉಳಿದವರಿಗಿಂತ ಉತ್ತಮವಾಗಿರಲಿಲ್ಲ. ಟೇಬಲ್ ಮೇಲಿನ ಪಾತ್ರೆಗಳು ಬೀಳದಂತೆ ಬಟ್ಟೆ ಎಳೆಯುವ ಚಮತ್ಕಾರದ ವೀಡಿಯೊ ತೋರಿಸಿದಾಗಲೂ ನೋಡಿದಷ್ಟೂ ಭರವಸೆ ಬೆಳೆಯಿತು. ಟಿ.ವಿ.ಯಲ್ಲಿ ಅಡುಗೆ ಕಾರ್ಯಕ್ರಮ ನೋಡಿ, 'ಇಷ್ಟೇನಾ!' ಎಂದು ಪರೋಟಕ್ಕೆ ಹಿಟ್ಟು ಕಲಸಿದ ಸಹೋದರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪರೋಟ ಕೆಟ್ಟರೆ ದೋಸೆ ಹುಯ್ದು ತಿನ್ನಬಹುದು. ಸೂಜಿ ಹಿಡಿದವನಿಗೆ ಬರುವ ಸುಳ್ಳು ಧೈರ್ಯದ ಬೆಲೆ ತೆರುವವರು ಬೇರೆಯವರು.

ಆದ್ದರಿಂದ ವೀಡಿಯೊ ಮತ್ತು ರೋಗಿಯ ನಡುವೆ ಇನ್ನೊಂದು ಮೆಟ್ಟಿಲು ಇರಬೇಕು. ಅದೇ ರಬ್ಬರಿನ ಕೈ, ಪ್ಲಾಸ್ಟಿಕ್ಕಿನ ಎದೆ, ಬಟ್ಟೆಯ ಮಗು. ನಾರ್ವೆಯ ಗೊಂಬೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ಉಸಿರು ಕೊಡುವುದನ್ನು ಕಲಿಸಲು ಒಂದು ಆಳೆತ್ತರದ ಗೊಂಬೆ ಮಾಡಿದರು. ಅದರ ವಂಶದವೇ ಇಂದು ಕಾಲೇಜುಗಳ 'ಸ್ಕಿಲ್ಸ್ ಲ್ಯಾಬ್'ನಲ್ಲಿ ಮಲಗಿವೆ. ನಮ್ಮ ದೇಶದಲ್ಲಿ 2019ರಿಂದ ಬಂದ ಹೊಸ ಪಠ್ಯಕ್ರಮ ಇಂಥ ಲ್ಯಾಬನ್ನು ಕಡ್ಡಾಯ ಮಾಡಿತು. ತೋರಿಸು, ಗಮನಿಸು, ಕೈಜೋಡಿಸು, ಮಾಡು ಎಂಬ ನಾಲ್ಕು ಹಂತಗಳನ್ನೂ ಅದರಲ್ಲಿ ಹೇಳಿದ್ದಾರೆ. ನಮ್ಮ ಹುಡುಗಿ ಆ ಪಠ್ಯಕ್ರಮದ ಮೊದಲ ತಂಡದವಳು.

ಉತ್ತರ ಐರ್ಲೆಂಡಿನ ಪೇಟನ್ ಎಂಬ ಶಸ್ತ್ರವೈದ್ಯರು ಹೇಳಿದ ಇನ್ನೊಂದು ಕ್ರಮವೂ ಇದೆ. ಮೊದಲು ಗುರು ಒಂದೂ ಮಾತಾಡದೆ, ಸಹಜ ವೇಗದಲ್ಲಿ ಮಾಡಿ ತೋರಿಸಬೇಕು. ಎರಡನೇ ಸಲ ನಿಧಾನವಾಗಿ, ವಿವರಿಸುತ್ತಾ. ಮೂರನೇ ಸಲ ಶಿಷ್ಯ ಬಾಯಲ್ಲಿ ಹೇಳಬೇಕು, ಗುರು ಅದರಂತೆ ಮಾಡಬೇಕು. ನಾಲ್ಕನೆಯದು ಶಿಷ್ಯನ ಕೈ. ಇವುಗಳಲ್ಲಿ ಮೂರನೆಯದೇ ಅತ್ಯಂತ ಮುಖ್ಯ ಎಂದು ನನಗನ್ನಿಸುತ್ತದೆ. ಶಿಷ್ಯನ ತಲೆಯೊಳಗಿನ ತಪ್ಪು ರೋಗಿಯ ಮೈಗೆ ತಲುಪುವ ಮುಂಚೆ ನಾಲಿಗೆಯ ಮೇಲೆಯೇ ಸಿಕ್ಕಿಬೀಳುತ್ತದೆ. ಮೊದಲ ಎರಡು ಹಂತಗಳನ್ನು ವೀಡಿಯೊ ಮಾಡಬಲ್ಲದು, ಎಷ್ಟೋ ಗುರುಗಳಿಗಿಂತ ಚೆನ್ನಾಗಿಯೇ ಮಾಡಬಲ್ಲದು. ಅದರಿಂದ ಉಳಿದ ಸಮಯದಲ್ಲಿ ಗುರುಗಳು ಮೂರು ಮತ್ತು ನಾಲ್ಕಕ್ಕೆ ನಿಲ್ಲಬೇಕು. ವೀಡಿಯೊ ಹಾಕಿ ಗುರುಗಳೇ ಹೊರಟುಹೋದರೆ ಕ್ಯಾಸೆಟ್ ಕೇಳಿ ಕಲಿತ ನನ್ನ ಶಿಷ್ಯೆಯ ಗತಿಯೇ.

ಇನ್ನೊಂದು ತೊಂದರೆ ಹಳತಾಗುವುದು. ಹೃದಯ ನಿಂತವರಿಗೆ ಮೊದಲು ಉಸಿರು ಕೊಟ್ಟು ಆಮೇಲೆ ಎದೆ ಒತ್ತಬೇಕೆಂಬ ಕ್ರಮ 2010ರಲ್ಲಿ ತಿರುವುಮುರುವಾಯಿತು. ದೊಡ್ಡವರಿಗೆ ಈಗ ಮೊದಲು ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಅದಕ್ಕೂ ಹಿಂದಿನ ವೀಡಿಯೊಗಳು ತಾವಾಗಿ ಅಳಿಸಿಹೋಗುವುದಿಲ್ಲ. ಯೂಟ್ಯೂಬ್‌ನಲ್ಲಿ ಯಾರು ಬೇಕಾದರೂ ಬಿಳಿ ಕೋಟು ತೊಟ್ಟು ಪಾಠ ಮಾಡಬಹುದು. ಯಾವ ಸಂಸ್ಥೆಯದು, ಯಾವ ವರ್ಷದ್ದು ಎಂದು ಮೊದಲು ನೋಡುವ ಅಭ್ಯಾಸವನ್ನು ನಮ್ಮ ಹುಡುಗಿಗೆ ಅವಳ ಪ್ರಾಧ್ಯಾಪಕಿಯೊಬ್ಬರು ಹತ್ತಿಸಿದರು.

ಪ್ಯಾರಿಸಿನ ಆ ಎರಡು ಮಕ್ಕಳು

ಚಿಕಿತ್ಸೆಯನ್ನು ಚಿತ್ರದಲ್ಲಿ ಕಲಿಸುವುದು ಇಂದು ನಿನ್ನೆಯದಲ್ಲ. ಕೊರ್ದೋವಾದ ಅಬುಲ್ ಖಾಸಿಂ ಅಲ್ ಝಹ್ರಾವಿ ಸಾವಿರ ವರ್ಷಗಳ ಹಿಂದೆ ತಮ್ಮ 'ಅತ್ತಸ್ರೀಫ್' ಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಸುಮಾರು ಇನ್ನೂರು ಉಪಕರಣಗಳ ಚಿತ್ರ ಕೊಟ್ಟಿದ್ದರು. 1465ರಲ್ಲಿ ತುರ್ಕಿಯ ಅಮಾಸ್ಯಾ ಊರಿನ ಶರಫುದ್ದೀನ್ ಸಬುಂಜುಓಗ್ಲು ಇನ್ನೂ ಮುಂದೆ ಹೋಗಿ, ರೋಗಿಯನ್ನು ಹೇಗೆ ಮಲಗಿಸಬೇಕು, ವೈದ್ಯ ಎಲ್ಲಿ ಕೂರಬೇಕು ಎಂಬುದನ್ನೇ ಬಣ್ಣದ ಚಿತ್ರಗಳಲ್ಲಿ ಬರೆದರು. ಆ ಚಿತ್ರಗಳಲ್ಲಿ ಹೆಂಗಸರಿಗೆ ಚಿಕಿತ್ಸೆ ಮಾಡುವ ಹೆಣ್ಣು ವೈದ್ಯರೂ ಇದ್ದಾರೆ.

ಚಲಿಸುವ ಚಿತ್ರ ಬಂದದ್ದು ಆಮೇಲೆ. ಪ್ಯಾರಿಸಿನ ಶಸ್ತ್ರವೈದ್ಯ ಯೂಜೀನ್ ದುವಾಯೆನ್ 1898ರಲ್ಲೇ ತನ್ನ ಆಪರೇಷನ್‌ಗಳನ್ನು ಚಿತ್ರೀಕರಿಸಿ, ಅದೇ ವರ್ಷ ಎಡಿನ್‌ಬರೋದಲ್ಲಿ ವೈದ್ಯರ ಸಭೆಗೆ ತೋರಿಸಿದ. ಸಿನಿಮಾ ಹುಟ್ಟಿ ಆಗಿನ್ನೂ ಮೂರು ವರ್ಷ. ತನ್ನದೇ ಚಿತ್ರ ನೋಡಿದಾಗ ತನ್ನ ಕೈಯ ಅನಗತ್ಯ ಚಲನೆಗಳು ಕಂಡು ತಿದ್ದಿಕೊಂಡೆ ಎಂಬರ್ಥದ ಮಾತನ್ನೂ ಆತ ಹೇಳಿದ್ದ. ಇಲ್ಲಿಯವರೆಗೆ ಎಲ್ಲ ಒಳ್ಳೆಯದೇ.

ಆದರೆ 1902ರ ಫೆಬ್ರವರಿಯಲ್ಲಿ ಅವನ ಮೇಜಿನ ಮೇಲೆ ಮಲಗಿದ್ದವರು ನಮ್ಮ ಒಡಿಶಾದ ರಾಧಿಕಾ ಮತ್ತು ದೂಧಿಕಾ. ಮೈ ಅಂಟಿಕೊಂಡು ಹುಟ್ಟಿದ ಅವಳಿ ಹೆಣ್ಣುಮಕ್ಕಳು. ಹದಿಮೂರರ ಆಸುಪಾಸಿನ ವಯಸ್ಸು. ಯುರೋಪು, ಅಮೆರಿಕಗಳ ಪ್ರದರ್ಶನಗಳಲ್ಲಿ ಅವರನ್ನು ದುಡ್ಡು ತೆಗೆದುಕೊಂಡು ತೋರಿಸಲಾಗುತ್ತಿತ್ತು. ದೂಧಿಕಾಗೆ ಕ್ಷಯ ತಗುಲಿದ್ದರಿಂದ ಇನ್ನೊಬ್ಬಳನ್ನು ಉಳಿಸಲೆಂದು ದುವಾಯೆನ್ ಇಬ್ಬರನ್ನೂ ಬೇರ್ಪಡಿಸಿದ, ಅದನ್ನು ಚಿತ್ರೀಕರಿಸಿದ. ಕೆಲವೇ ದಿನಗಳಲ್ಲಿ ದೂಧಿಕಾ ತೀರಿಕೊಂಡಳು. ಮರುವರ್ಷ ರಾಧಿಕಾಳೂ ಹೋದಳು. ಚಿತ್ರ ಮಾತ್ರ ಬದುಕಿತು. ಕ್ಯಾಮರಾದವನು ಕದ್ದು ಪ್ರತಿ ಮಾಡಿ ಮಾರಿದ, ಜಾತ್ರೆಗಳಲ್ಲಿ ಜನ ದುಡ್ಡು ಕೊಟ್ಟು ನೋಡಿದರು. ದುವಾಯೆನ್ ಮೊಕದ್ದಮೆ ಹೂಡಿ 1905ರಲ್ಲಿ ಗೆದ್ದ. ಮೊಕದ್ದಮೆ ಇದ್ದದ್ದು ಚಿತ್ರ ಯಾರ ಸೊತ್ತು ಎಂಬುದರ ಮೇಲೆ. ಮೇಜಿನ ಮೇಲೆ ಮಲಗಿದ್ದ ಮೈ ಯಾರದು ಎಂಬುದರ ಮೇಲಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇವತ್ತು ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲೂ ಒಂದು ಕ್ಯಾಮರಾ ಇದೆ.

ಹೆರಿಗೆ ವಾರ್ಡಿನ ವಿಷಯಕ್ಕೆ ಬಂದರೆ ಈ ಎರಡೂ ಮುಖಗಳು ಎದುರುಬದುರಾಗುತ್ತವೆ. ಕಾಲೇಜು ಆಸ್ಪತ್ರೆಯಲ್ಲಿ ಹೆತ್ತ ಯಾವ ಹೆಂಗಸನ್ನು ಕೇಳಿದರೂ ನೋವಿಗಿಂತ ಮೊದಲು ಸುತ್ತ ನಿಂತಿದ್ದ ಮುಖಗಳ ಬಗ್ಗೆ ಹೇಳುತ್ತಾಳೆ. ಒಬ್ಬರಾದ ಮೇಲೊಬ್ಬರು ಬಂದು ಪರೀಕ್ಷಿಸುವುದು. ಹೆಸರನ್ನೂ ಕೇಳದೆ ಹೊದಿಕೆ ಸರಿಸುವುದು. ನಮ್ಮ ಎಷ್ಟೋ ಹೆಣ್ಣುಮಕ್ಕಳು ಇದೊಂದೇ ಭಯದಿಂದ ಹತ್ತಿರದ ದೊಡ್ಡಾಸ್ಪತ್ರೆ ಬಿಟ್ಟು ಸಾಲ ಮಾಡಿ ಖಾಸಗಿ ನರ್ಸಿಂಗ್ ಹೋಮಿಗೆ ಹೋಗುತ್ತಾರೆ. ಇಲ್ಲಿ ವೀಡಿಯೊ ಮತ್ತು ಗೊಂಬೆ ದೊಡ್ಡ ಉಪಕಾರ. ಮಗುವಿನ ತಲೆ ಹೇಗೆ ತಿರುಗಿ ಹೊರಬರುತ್ತದೆ, ಕೈ ಎಲ್ಲಿ ಆಸರೆ ಕೊಡಬೇಕು ಎಂಬುದನ್ನು ಇಪ್ಪತ್ತು ಮಂದಿ ಪರದೆಯಲ್ಲಿ ಇಪ್ಪತ್ತು ಸಲ ನೋಡಲಿ, ಗೊಂಬೆಯ ಮೇಲೆ ಮಾಡಲಿ. ಆಮೇಲೆ ತಾಯಿಯ ಹತ್ತಿರ ಒಬ್ಬರೋ ಇಬ್ಬರೋ ಬಂದರೆ ಸಾಕು.

ಆದರೆ ಆ ವೀಡಿಯೊದಲ್ಲಿರುವವಳೂ ಒಬ್ಬ ತಾಯಿಯೇ ತಾನೇ? ಅವಳನ್ನು ಕೇಳಿ, ಒಪ್ಪಿಗೆ ಪಡೆದು, ಮುಖ ಕಾಣದಂತೆ ಮಾಡಿದ ಚಿತ್ರವೇ ಬೇರೆ, ವಾರ್ಡಿನಲ್ಲಿ ಫೋನು ಎತ್ತಿ ಹಿಡಿದದ್ದೇ ಬೇರೆ. ರೋಗಿಯ ಗುರುತು ಸಿಗುವಂತಹ ಫೋಟೊವನ್ನು ಅವರ ಅನುಮತಿಯಿಲ್ಲದೆ ಪ್ರಕಟಿಸಬಾರದೆಂದು ನಮ್ಮ ದೇಶದ ವೈದ್ಯರ 2002ರ ನಡತೆಯ ನಿಯಮಗಳಲ್ಲೇ ಇದೆ. ಯಾರಾದರೂ ನಿಮ್ಮ ಮುಂದೆ ಫೋನು ಎತ್ತಿದರೆ 'ಬೇಡ' ಎನ್ನಬಹುದು. 'ಯಾಕೆ, ಯಾರಿಗೆ ತೋರಿಸಲು?' ಎಂದು ಕೇಳಬಹುದು. ಹಾಗೆ ಕೇಳಿದ್ದಕ್ಕೆ ಚಿಕಿತ್ಸೆ ನಿಲ್ಲಬಾರದು. ವಿದ್ಯಾರ್ಥಿ ಸೂಜಿ ಹಿಡಿದು ಬಂದಾಗ, 'ಇದಕ್ಕೆ ಮುಂಚೆ ಮಾಡಿದ್ದೀಯಾ ಮಗಾ? ಹಿರಿಯರು ಯಾರಾದರೂ ಪಕ್ಕದಲ್ಲಿ ನಿಲ್ಲಲಿ' ಎಂದೂ ಹೇಳಬಹುದು. ಗದರಿಸಿ ಹೇಳಬೇಕಾಗಿಲ್ಲ. ಅಂದು ಜಗಳಕ್ಕೆ ನಿಂತ ನಾನು ಇದನ್ನು ಕಲಿಯಲು ತಡವಾಯಿತು. ನನ್ನ ಜಗಳದಿಂದ ಆ ಹುಡುಗನ ಕೈ ಇನ್ನಷ್ಟು ನಡುಗಿತು, ಅಷ್ಟೇ.

ಒಂದು ದಿನ ನಮ್ಮ ಹುಡುಗಿ ಕ್ಯಾನುಲಾದ ವೀಡಿಯೊವನ್ನು ಅಮ್ಮಿಗೂ ತೋರಿಸಿದಳು. ಅಮ್ಮಿ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಎಷ್ಟು ಸಲೀಸಾಗಿ ಹೋಯಿತಲ್ಲ! ಆ ಕೈ ಯಾರದು?" ಎಂದರು.

"ಯಾರೋ ಗೊತ್ತಿಲ್ಲ ನಾನಿ. ಇಂಗ್ಲಿಷಿನವರದು."

"ಒಳ್ಳೆ ಪೈಲ್ವಾನನ ಕೈ. ನರ ಹಗ್ಗದ ಹಾಗಿದೆ. ನನ್ನಂಥವರ ಕೈ ತೋರಿಸೋದಿಲ್ವಾ ಇವರು?"

ನಮ್ಮ ಹುಡುಗಿಗೆ ಉತ್ತರ ತೋಚಲಿಲ್ಲ. ಅಮ್ಮಿ ಹೇಳಿದ್ದು ನಿಜ. ನಾವು ನೋಡಿದ ವೀಡಿಯೊಗಳಲ್ಲೆಲ್ಲ ಕೈ ತುಂಬಿಕೊಂಡಿತ್ತು, ಬೆಳಕು ಚೆನ್ನಾಗಿತ್ತು, ರೋಗಿ ಅಲುಗಾಡುತ್ತಿರಲಿಲ್ಲ. ಚರ್ಮ ಸಡಿಲವಾಗಿ ನರ ಅತ್ತಿತ್ತ ಓಡುವ ಮುದುಕಿಯರು, ಕಿರುಚಿ ಕಾಲೊದೆಯುವ ಮಕ್ಕಳು, ಬಾಗಿಲಲ್ಲಿ ನಿಂತು ಬೈಯುವ ನನ್ನಂಥ ಮಗಳು ಅವುಗಳಲ್ಲಿ ಇರಲಿಲ್ಲ. ಭಾಷೆಯೂ ನಮ್ಮದಲ್ಲ. 'ಸ್ವಲ್ಪ ಚುರ್ ಅನ್ನುತ್ತೆ ಅಜ್ಜಿ, ಕೈ ಎಳೀಬೇಡಿ' ಎಂದು ಹೇಳುವುದನ್ನು ನಮ್ಮ ಹುಡುಗಿ ಇಲ್ಲಿನ ವಾರ್ಡಿನಲ್ಲೇ ಕಲಿಯಬೇಕಾಯಿತು. ನಮ್ಮ ಕಾಲೇಜುಗಳೇ ತಮ್ಮ ಹಿರಿಯ ನರ್ಸುಗಳ ಕೈಚಳಕವನ್ನು ಕನ್ನಡದ ವಿವರಣೆಯೊಂದಿಗೆ ಚಿತ್ರೀಕರಿಸಿ ಇಟ್ಟರೆ ಎಷ್ಟು ಉಪಯೋಗ! ಅಂದು ಅಮ್ಮಿಗೆ ಒಂದೇ ಸಲಕ್ಕೆ ಹಾಕಿ ಹೋದ ಆ ನರ್ಸಮ್ಮ ನಿವೃತ್ತರಾಗಿದ್ದಾರಂತೆ. ಅವರ ಬೆರಳಿಗೆ ಗೊತ್ತಿದ್ದದ್ದು ಅವರೊಂದಿಗೇ ಮನೆಗೆ ಹೋಯಿತು.

2024ರಲ್ಲಿ ನಮ್ಮ ಹುಡುಗಿ ಪರೀಕ್ಷೆ ಮುಗಿಸಿ ಹೌಸ್ ಸರ್ಜನ್ ಆದಳು. ಮೊದಲ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದವಳು ಬುರ್ಖಾ ತೆಗೆಯುವ ಮೊದಲೇ ಅಮ್ಮಿಯ ಮಂಚದ ಮೇಲೆ ಕುಳಿತಳು. ರಾತ್ರಿ ಒಬ್ಬ ಅಜ್ಜಿ ಬಂದಿದ್ದರಂತೆ, ಅದೇ ವಾಂತಿಭೇದಿ, ಅದೇ ಬತ್ತಿದ ಕೈ.

"ಎಷ್ಟು ಸಲ ಚುಚ್ಚಿದೆ?" ಅಮ್ಮಿ ಕೇಳಿದ್ದು ಅದೊಂದೇ.

"ಎರಡು ಸಲ ನಾನಿ. ಎರಡೂ ತಪ್ಪಿತು. ಆಮೇಲೆ ಸಿಸ್ಟರನ್ನು ಕರೆದೆ. ಎರಡು ಸಲ ಆಗದಿದ್ದರೆ ಕೈ ಬದಲಿಸಬೇಕು ಅಂತ ನಮಗೆ ಹೇಳಿಕೊಟ್ಟಿದ್ದಾರೆ."

ಅಮ್ಮಿ ಅವಳ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಇವಳಿಗೆ ಚಾ ಮಾಡು" ಎಂದರು.